ಒಂಟಿತನದ ವ್ಯಾಪಾರ ಮತ್ತು ಕಾನೂನಿನ ಅರೆಗಣ್ಣು

ಮನುಷ್ಯನ ಒಂಟಿತನವೂ ಈಗ ಮಾರಾಟದ ಸರಕು. ಅಮೆರಿಕದ ಲೂಕಾ ಕಂಪೆನಿ 2017ರಲ್ಲಿ ಹೊರತಂದ ‘ರೆಪ್ಲಿಕಾ’ ಎಂಬ ಆ್ಯಪ್‌ನಲ್ಲಿ ಯಂತ್ರವೇ ಗೆಳೆಯನಾಗಿ, ಗೆಳತಿಯಾಗಿ, ಹಣ ತೆತ್ತವರಿಗೆ ಪ್ರೇಯಸಿಯಾಗಿಯೂ ಮಾತನಾಡುತ್ತದೆ. ಹೆಸರು, ಇ-ಮೇಲ್ ಮತ್ತು ಲಿಂಗವನ್ನಷ್ಟೇ ಕೇಳಿ ಯಾರನ್ನೂ ಒಳಬಿಡುತ್ತಿದ್ದ ಈ ಆ್ಯಪ್ ತನ್ನ ದೇಶದ ಜನರ ಮಾಹಿತಿಯನ್ನು ಬಳಸದಂತೆ ಇಟಲಿಯ ದತ್ತಾಂಶ ಸಂರಕ್ಷಣಾ ಪ್ರಾಧಿಕಾರವು 2023ರ ಫೆಬ್ರವರಿಯಲ್ಲಿ ತಡೆಯೊಡ್ಡಿತು. 2025ರಲ್ಲಿ 50 ಲಕ್ಷ ಯೂರೋ ದಂಡವನ್ನೂ ವಿಧಿಸಿತು.

ಮಕ್ಕಳ ರಕ್ಷಣೆಗಾಗಿ ಇದನ್ನು ಸ್ವಾಗತಿಸಲೇಬೇಕು. ಆದರೆ ವಯಸ್ಕರ ಪಾಡೇನು? ಇಟಲಿಯ ತಡೆಯ ಬೆನ್ನಿಗೇ ಕಂಪೆನಿಯು ಶೃಂಗಾರ ಸಂಭಾಷಣೆಯನ್ನು ಕಿತ್ತುಹಾಕಿತು. ಸಂಗಾತಿಯೇ ರಾತ್ರೋರಾತ್ರಿ ಬದಲಾದಂತೆ ಬಳಕೆದಾರರು ಕಂಗಾಲಾದರು. ಮರುತಿಂಗಳು ಹಳೆಯ ಗಿರಾಕಿಗಳಿಗೆ ಮಾತ್ರ ಅದನ್ನು ಮರಳಿಸಲಾಯಿತು. ಅಂದರೆ ‘ಪ್ರೇಯಸಿ’ಯ ಮನಸ್ಸು ಮಾಲೀಕನ ಕೈಯಲ್ಲಿದೆ. ಇಂತಹ ಪರಾಧೀನತೆಯ ಬಗ್ಗೆ ಕಾನೂನು ಹೇಳುವುದೇನು?

ಹೇಳುವುದು ಬಹಳ ಕಡಿಮೆ. 2025ರಲ್ಲಿ ಕ್ಯಾಲಿಫೋರ್ನಿಯಾ ಮಾಡಿದ ಕಾನೂನು, ಮನುಷ್ಯನೆಂದು ಭ್ರಮಿಸುವ ಸಾಧ್ಯತೆಯಿರುವಲ್ಲಿ ತಾನು ಯಂತ್ರವೆಂದು ಸ್ಪಷ್ಟಪಡಿಸಬೇಕೆನ್ನುತ್ತದೆ. ಅಪ್ರಾಪ್ತರಿಗೆ ಮೂರು ಗಂಟೆಗೊಮ್ಮೆ ಅದನ್ನು ನೆನಪಿಸಬೇಕೆನ್ನುತ್ತದೆ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಹುಡುಕುವುದು ಅಶ್ಲೀಲತೆಯನ್ನು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ದಾಟದವರಿಗೆ ಹೆತ್ತವರ ಅನುಮತಿಯನ್ನು ಕಡ್ಡಾಯಗೊಳಿಸಿದೆ. 18 ದಾಟಿದವನಿಗೋ, ಓದದೆ ಒತ್ತುವ ‘ಒಪ್ಪಿಗೆ’ಯ ಗುಂಡಿಯೊಂದೇ ಕಾವಲು.

ವಯಸ್ಕರ ಖಾಸಗಿ ಬದುಕಿನಲ್ಲಿ ಕಾನೂನಿಗೇನು ಕೆಲಸ ಎನ್ನುವವರಿದ್ದಾರೆ. ಆದರೆ ಅದು ಖಾಸಗಿ ಕೋಣೆಯಾಗಿ ಉಳಿದಿದೆಯೇ? ಇಬ್ಬರಿರಬೇಕಾದ ಕೋಣೆಯಲ್ಲಿ ಮೂರನೆಯವನು ಕುಳಿತು ಪ್ರತಿ ಪಿಸುಮಾತನ್ನೂ ಬರೆದಿಟ್ಟುಕೊಳ್ಳುತ್ತಿದ್ದಾನೆ. ಅವನನ್ನು ನಿಯಂತ್ರಿಸುವುದು ಸ್ವಾತಂತ್ರ್ಯದ ಹರಣವಲ್ಲ, ರಕ್ಷಣೆ. ಆಪ್ತ ಸಂಭಾಷಣೆಯು ಜಾಹೀರಾತಿಗೆ ಬಳಕೆಯಾಗಕೂಡದು. ಬೇಡವೆಂದ ದಿನ ಅದು ಸಂಪೂರ್ಣ ಅಳಿಯಬೇಕು. ಬಿಟ್ಟುಹೋಗುವವನನ್ನು ಯಂತ್ರವು ಗೋಗರೆದು ಹಿಡಿದಿಡಕೂಡದು. ಕಾನೂನು ಇಷ್ಟನ್ನಾದರೂ ಹೇಳಬೇಡವೇ?

ಹಾಗೆಂದು ಹೊಣೆಯನ್ನೆಲ್ಲ ಸರಕಾರದ ತಲೆಗೆ ಕಟ್ಟಿ ನಾವು ನಿರಾಳವಾಗುವಂತಿಲ್ಲ. ‘ಅಶ್ಲೀಲ, ನಿಷೇಧಿಸಿ’ ಎಂದು ಕೂಗುವುದು ಸುಲಭ. ಆದರೆ ಯಂತ್ರದ ಬಳಿ ಹೋಗುವವರೆಲ್ಲರೂ ಕಾಮುಕರಲ್ಲ, ಕೇಳುವ ಕಿವಿಯಿಲ್ಲದವರೂ ಇದ್ದಾರೆ. ಗಲ್ಫಿನ ಕೊಠಡಿಯಲ್ಲಿ ವರ್ಷಗಟ್ಟಲೆ ಒಬ್ಬನೇ ಮಲಗುವ ಗಂಡ, ಊರಿನಲ್ಲಿ ಮೌನವಾಗಿ ಮನೆ ನಡೆಸುವ ಹೆಂಡತಿ, ವರದಕ್ಷಿಣೆ ಹೊಂದಿಸಲಾಗದೆ ಮದುವೆ ಮುಂದೂಡಲ್ಪಟ್ಟ ಹುಡುಗಿ: ಇವರ ಒಂಟಿತನವನ್ನು ಸೃಷ್ಟಿಸಿದ್ದು ಯಾವ ಕಂಪೆನಿಯೂ ಅಲ್ಲ. ಕಂಪೆನಿ ಅದಕ್ಕೆ ಬೆಲೆ ಕಟ್ಟುತ್ತಿದೆ, ಅಷ್ಟೇ. ಆ ಸರಕನ್ನು ಸಂತೆಗೆ ಒದಗಿಸುತ್ತಿರುವವರು ನಾವಲ್ಲವೇ?