ಬನ್ನಿನ ಯೀಸ್ಟ್ ಬನ್ನಿಗಿರಲಿ



ಕ್ರಿಸ್ಮಸ್ ಮರುದಿನ ನಾಲ್ಕು ಮನೆ ಸುತ್ತಿದರೆ ನಾಲ್ಕೂ ಮನೆಯ ವೈನ್‌ಗೆ ಒಂದೇ ವಾಸನೆ: ಲವಂಗ, ಚಕ್ಕೆ, ಸುಟ್ಟ ಸಕ್ಕರೆ, ಅದರಡಿಯಲ್ಲಿ ಹುಳಿಬಂದ ಬ್ರೆಡ್ಡು. ದ್ರಾಕ್ಷಿ ಎಲ್ಲಿ ಹೋಯಿತು? ಕೇಳಿದರೆ "ಈ ಸಲ ಹಣ್ಣೇ ಸರಿಯಿರಲಿಲ್ಲ" ಅನ್ನುತ್ತಾರೆ. ನಾವು ಒಪ್ಪುವುದಿಲ್ಲ. ಹಣ್ಣನ್ನು ದೂರುವ ಮೊದಲು ಭರಣಿಗೆ ಯಾವ ಯೀಸ್ಟ್ ಹಾಕಿದೆವು ಎಂದು ನೋಡಿಕೊಳ್ಳೋಣ.

ಬೇಕರಿ ಯೀಸ್ಟೂ ವೈನ್ ಯೀಸ್ಟೂ ಒಂದೇ ಜಾತಿ, ಸ್ಯಾಕರೋಮೈಸಿಸ್ ಸೆರೆವಿಸಿಯೆ. ಹಾಗಾದರೆ ವ್ಯತ್ಯಾಸವೇನು ಎನ್ನುವವರಿಗೆ ನಮ್ಮದೊಂದು ಪ್ರಶ್ನೆ: ಗಂಧಸಾಲೆಯೂ ಭತ್ತ, ಸೋನಾ ಮಸೂರಿಯೂ ಭತ್ತ, ಅನ್ನದ ಪರಿಮಳ ಒಂದೇ ಏನು? ಬೇಕರಿಯ ತಳಿಯನ್ನು ಆರಿಸಿದ್ದು ಹಿಟ್ಟು ಬೇಗ ಉಬ್ಬಲಿ ಎಂದು, ವೈನ್ ಘಮಿಸಲಿ ಎಂದಲ್ಲ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮಾಡಿ ಸುಮ್ಮನಾಗುವುದಿಲ್ಲ. ಬಾಳೆಹಣ್ಣಿನ ವಾಸನೆ ಕೊಡುವ ಐಸೋಅಮೈಲ್ ಅಸಿಟೇಟ್, ಗುಲಾಬಿಯ ವಾಸನೆ ಕೊಡುವ ಫೀನೈಲ್ ಎಥನಾಲ್ ಎಲ್ಲ ಅದರ ಕೈಕೆಲಸವೇ. ಯಾವುದು ಎಷ್ಟು ಹುಟ್ಟುತ್ತದೆ ಎಂಬುದು ಬಹುಪಾಲು ತಳಿಯನ್ನು ಅವಲಂಬಿಸಿದೆ. 71ಬಿ ಎಂಬ ತಳಿ ಹಣ್ಣಿನ ಪರಿಮಳವನ್ನು ಏರಿಸುತ್ತದೆ. ಇಸಿ-1118 ತಾನು ಹಿಂದೆ ಸರಿದು ದ್ರಾಕ್ಷಿಗೇ ಮಾತಾಡಲು ಬಿಡುತ್ತದೆ. ನಮ್ಮ ಸಂತೆಗೆ ಬರುವ ಬೆಂಗಳೂರು ಬ್ಲೂಗೆ ತನ್ನದೇ ಗಾಢ ಘಮವಿದೆ. ಅದನ್ನು ಲವಂಗದಡಿ ಹೂಳುವುದು ಯಾಕೆ?

"ಅಜ್ಜಿ ಕಾಲದಿಂದ ಹೀಗೇ" ಎಂಬ ಮಾತು ಬರುತ್ತದೆ, ಗೊತ್ತು. ಎಷ್ಟೋ ಅಜ್ಜಿಯರ ಭರಣಿಯಲ್ಲಿ ಪೊಟ್ಟಣದ ಯೀಸ್ಟೇ ಇರಲಿಲ್ಲ, ಹಣ್ಣಿನ ಸಿಪ್ಪೆಯ ಮೇಲಿದ್ದದ್ದೇ ಕೆಲಸ ಮಾಡಿತು. ಆ ದಾರಿಯನ್ನೂ ನಾವು ಹೊಗಳುವುದಿಲ್ಲ. ಸಿಪ್ಪೆಯ ಕಾಡು ಯೀಸ್ಟ್ ಕೈಮೀರಿದರೆ ವೈನ್ ಉಗುರುಬಣ್ಣದ ಹಾಗೆ ನಾರುತ್ತದೆ. ಇನ್ನು ಹಣ್ಣಿನಷ್ಟೇ ತೂಕದ ಸಕ್ಕರೆ ಸುರಿಯುವವರೇ, ಅಷ್ಟು ಸಿಹಿಯಲ್ಲಿ ಯೀಸ್ಟ್ ಬಳಲಿ ವಿನೆಗರ್‌ನ ಹುಳಿಯನ್ನು ಹೆಚ್ಚಿಸುತ್ತದೆ. ಕಾನಾ ಊರಿನ ಮದುವೆಯ ಮೇಲ್ವಿಚಾರಕ ರುಚಿ ನೋಡಿಯೇ ಒಳ್ಳೆಯದನ್ನು ಗುರುತಿಸಿದ. ಅವನ ಕೈಗೆ ನಮ್ಮ ಲೋಟ ಕೊಟ್ಟಿದ್ದರೆ?

ದುಬಾರಿ ಎನ್ನಬೇಡಿ. ವೈನ್ ಯೀಸ್ಟಿನ 5 ಗ್ರಾಂ ಪೊಟ್ಟಣ 20 ಲೀಟರಿಗೆ ಸಾಕು, ನಾಲ್ಕು ಮನೆ ಹಂಚಿಕೊಳ್ಳಬಹುದು. ಈ ಸಲ ಒಂದೇ ಬುಟ್ಟಿಯ ದ್ರಾಕ್ಷಿಯನ್ನು ಎರಡು ಭರಣಿಗೆ ಹಾಕೋಣ. ಒಂದಕ್ಕೆ ಬೇಕರಿ ಯೀಸ್ಟ್, ಇನ್ನೊಂದಕ್ಕೆ ವೈನ್ ಯೀಸ್ಟ್, ಮಸಾಲೆ ಎರಡಕ್ಕೂ ಬೇಡ. ಯಾವುದು ಯಾವುದೆಂದು ಹೇಳದೆ ಅಮ್ಮಂದಿರ ಕೈಗೇ ಎರಡು ಲೋಟ ಕೊಡೋಣ.