ಪಾಲಿಹೌಸ್ ಶೀಟು: ಮೀಟರ್ ರೇಟು ನೋಡಬೇಡಿ, ವರ್ಷದ ರೇಟು ಲೆಕ್ಕ ಹಾಕಿ



ಹೋದ ತಿಂಗಳು ನಮ್ಮ ಪಕ್ಕದ ಊರಿನ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಎರಡು ಕೊಟೇಶನ್ ಕಳಿಸಿ, "ಅಣ್ಣ, ಯಾವ ಶೀಟು ಹಾಕಿಸ್ಲಿ?" ಅಂತ ಕೇಳಿದ. ಎರಡರಲ್ಲೂ 200 ಮೈಕ್ರಾನ್, ಯುವಿ ಶೀಟು ಅಂತಲೇ ಬರೆದಿತ್ತು. ಒಂದಕ್ಕೆ ಚದರ ಮೀಟರಿಗೆ 40 ರೂಪಾಯಿ, ಇನ್ನೊಂದಕ್ಕೆ 55. ಜೊತೆಗೆ ಮಾರಾಟದವರು ಕಳಿಸಿದ ಒಂದು ಪಿಡಿಎಫ್ ಬೇರೆ: ಪ್ರಪಂಚದಲ್ಲೆಲ್ಲಾ ಗ್ರೀನ್‌ಹೌಸ್ ಫಿಲ್ಮಿನ ಮಾರುಕಟ್ಟೆ ಬೆಳೀತಿದೆ, ರೇಟು ಏರುವ ಮುಂಚೆ ಬುಕ್ ಮಾಡಿ ಅಂತ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಯಾಕಂದ್ರೆ ಈ ಪಾಠಕ್ಕೆ ನಾನು ಫೀಸು ಕಟ್ಟಿದ್ದೀನಿ.

ನಂದು ದೊಡ್ಡಬಳ್ಳಾಪುರದ ಕಡೆ 20 ಗುಂಟೆ ಪಾಲಿಹೌಸು. ಬೆಳೆ ಕೆಂಪು, ಹಳದಿ ಕ್ಯಾಪ್ಸಿಕಂ. ಮೊದಲ ಸಲ ಹಾಕಿಸಿದ್ದು ಅಗ್ಗದ ಶೀಟು. ಮೂರನೇ ವರ್ಷದ ಮೇ ತಿಂಗಳಲ್ಲಿ ಒಂದು ಸಂಜೆ ಮಳೆಗಾಳಿ ಎದ್ದಿತು. ಪೈಪಿಗೆ ತಾಗಿದ್ದ ಜಾಗದಲ್ಲೆಲ್ಲ ಶೀಟು ಹಳೇ ಪಂಚೆ ಹರಿದ ಹಾಗೆ ಹರೀತು. ಒಳಗೆ ಕಾಯಿ ಬಣ್ಣ ತಿರುಗುವ ಹಂತದಲ್ಲಿತ್ತು. ಹೊಸ ಶೀಟು ಬರೋ ಹೊತ್ತಿಗೆ ಗಿಡ ಮೂರು ಮಳೆ ನೆನೆದು, ಕಾಯಿ ಕೊಳೆತು, ಅರ್ಧ ಬೆಳೆ ತಿಪ್ಪೆಗೆ ಹೋಯ್ತು.

ವಾರಂಟಿ ಇನ್ನೂ ನಾಲ್ಕು ತಿಂಗಳು ಬಾಕಿ ಇತ್ತು. ಡೀಲರ್ ಬಂದು ನೋಡಿ ಒಂದೇ ಮಾತು ಕೇಳಿದರು: "ಬೂದಿ ರೋಗಕ್ಕೆ ಗಂಧಕ ಹೊಡೆದಿದ್ರಾ?" ಹೊಡೆದಿದ್ದೆ, ಎಲ್ಲರೂ ಹೊಡೀತಾರೆ. ಹಾಗಾದ್ರೆ ವಾರಂಟಿ ಇಲ್ಲ ಅಂದರು. ಕಾರ್ಡಿನ ಹಿಂದೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಅದು ಇತ್ತು. ನಾನು ಓದದೇ ಸಹಿ ಹಾಕಿದ್ದೆ.

ಬೆಳೆಯೋದು ಯಾರ ಮಾರುಕಟ್ಟೆ?

ಗಾಜಿನ ಮನೆ ಕಟ್ಟೋಕೆ ದುಡ್ಡು ಸಾಲದವರ ದಾರಿ ಇದು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಪ್ರೊಫೆಸರ್ ಎಮರಿ ಎಮರ್ಟ್ 1948ರಲ್ಲಿ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಹೊದಿಸಿ ಗ್ರೀನ್‌ಹೌಸ್ ಮಾಡಿದರು, ಕಾರಣ ಖರ್ಚು ಉಳಿಸೋದು. ಇವತ್ತು ಸ್ಪೇನಿನ ಅಲ್ಮೇರಿಯಾ ಪ್ರಾಂತ್ಯ ಒಂದರಲ್ಲೇ ಸುಮಾರು 30 ಸಾವಿರ ಹೆಕ್ಟೇರ್ ಪ್ಲಾಸ್ಟಿಕ್ಕಿನ ಕೆಳಗಿದೆ. ಗೂಗಲ್ ಮ್ಯಾಪಿನಲ್ಲಿ ಸ್ಯಾಟಲೈಟ್ ವ್ಯೂ ಹಾಕಿ ನೋಡಿ, ಸಮುದ್ರದ ದಡದಲ್ಲಿ ಬೆಳ್ಳಗೆ ಸುಣ್ಣ ಬಳಿದ ಹಾಗೆ ಕಾಣುತ್ತೆ. ವಿಸ್ತೀರ್ಣದಲ್ಲಿ ಎಲ್ಲರಿಗಿಂತ ಮುಂದಿರೋದು ಚೀನಾ.

ಇಷ್ಟು ದೊಡ್ಡ ವ್ಯಾಪಾರದ ಬೆಲೆ ನಮ್ಮ ತಾಲ್ಲೂಕಿನಲ್ಲಿ ನಿರ್ಧಾರ ಆಗಲ್ಲ. ಶೀಟಿನ ಮೂಲ ಪಾಲಿಥೀನ್ ಕಾಳು, ಅದರ ಮೂಲ ಕಚ್ಚಾ ತೈಲ ಮತ್ತು ಗ್ಯಾಸು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ವಿಪರೀತ ಚಳಿ ಬಿದ್ದು ಪ್ಲಾಸ್ಟಿಕ್ ಕಾರ್ಖಾನೆಗಳು ನಿಂತವು, ಪಾಲಿಥೀನ್ ಬೆಲೆ ಏರಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಕಚ್ಚಾ ತೈಲ ಬ್ಯಾರೆಲ್ಲಿಗೆ 100 ಡಾಲರ್ ದಾಟಿತು. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಯುರೋಪಿನ ಕಡೆಯ ಸರಕು ಆಫ್ರಿಕಾ ಸುತ್ತಿ ಬರಬೇಕಾಯ್ತು. ಇದ್ಯಾವುದೂ ನಮ್ಮ ಕೈಯಲ್ಲಿಲ್ಲ.

ಆದರೆ ಆ ಪಿಡಿಎಫ್‌ನಲ್ಲಿ ಒಂದು ವಿಷಯ ಬರೆದಿರಲ್ಲ. ಐದು ವರ್ಷ ಬಾಳಬೇಕಾದ ನನ್ನ ಶೀಟು ಮೂರೇ ವರ್ಷಕ್ಕೆ ಹರೀತು, ನಾನು ಇನ್ನೊಂದು ಕೊಂಡೆ. ನನಗದು ನಷ್ಟ. ಮಾರುಕಟ್ಟೆ ಲೆಕ್ಕದಲ್ಲಿ ಅದು ಬೆಳವಣಿಗೆ! ಹಾಗಾಗಿ "ಮಾರುಕಟ್ಟೆ ಬೆಳೀತಿದೆ" ಅನ್ನೋದು ಶೀಟು ಒಳ್ಳೇದು ಅನ್ನೋದಕ್ಕೆ ಸಾಕ್ಷಿ ಅಲ್ಲ.

ಲೆಕ್ಕ ಹೀಗೆ ಹಾಕಿ

20 ಗುಂಟೆಗೆ ಮೇಲ್ಛಾವಣಿ, ಪಕ್ಕದ ಪರದೆ ಎಲ್ಲ ಸೇರಿ 3,000 ಚದರ ಮೀಟರ್ ಶೀಟು ಅಂತ ಇಟ್ಕೊಳ್ಳಿ. ಬದಲಾಯಿಸೋ ಕೂಲಿ ಒಂದು ಸಲಕ್ಕೆ 30 ಸಾವಿರ.

40 ರೂಪಾಯಿ ಶೀಟು: 1,20,000 + 30,000 = 1,50,000. ಮೂರು ವರ್ಷ ಬಾಳಿದರೆ ವರ್ಷಕ್ಕೆ 50,000.

55 ರೂಪಾಯಿ ಶೀಟು: 1,65,000 + 30,000 = 1,95,000. ಐದು ವರ್ಷ ಬಾಳಿದರೆ ವರ್ಷಕ್ಕೆ 39,000.

ಅಗ್ಗದ್ದೇ ದುಬಾರಿ ಆಯ್ತು ನೋಡಿ, ಅದೂ ಹಾಳಾದ ಬೆಳೆ ಸೇರಿಸದೆ. ಹಾಗಂತ ಬೆಲೆ ಜಾಸ್ತಿ ಇದ್ದಿದ್ದೆಲ್ಲ ಬಾಳಿಕೆ ಬರುತ್ತೆ ಅಂತಲ್ಲ. ಅದಕ್ಕೇ ಪರೀಕ್ಷೆ ಮಾಡಬೇಕು.

ಕೊಳ್ಳುವಾಗ ನಾನೀಗ ನೋಡೋದು

ಒಂದು, ತೂಕ. 200 ಮೈಕ್ರಾನ್ ಶೀಟು ಚದರ ಮೀಟರಿಗೆ ಸುಮಾರು 184 ಗ್ರಾಂ ತೂಗಬೇಕು. 9 ಮೀಟರ್ ಅಗಲ, 50 ಮೀಟರ್ ಉದ್ದದ ರೋಲು ಅಂದ್ರೆ 450 ಚದರ ಮೀಟರ್, ತೂಕ ಹತ್ತಿರತ್ತಿರ 83 ಕೆಜಿ. 75 ಕೆಜಿ ತೂಗಿದರೆ ಅದು 180 ಮೈಕ್ರಾನ್ ಆಸುಪಾಸು. ರೋಲು ಇಳಿಸೋ ದಿನವೇ ತೂಗಿಸಿ, ಫೋಟೋ ತೆಗೆದಿಡಿ.

ಎರಡು, ಗಂಧಕದ ಮಿತಿ. ಬಿಸಿಲಿನಿಂದ ಶೀಟು ಕಾಯೋಕೆ ಅದರೊಳಗೆ ಯುವಿ ಔಷಧ ಬೆರೆಸಿರ್ತಾರೆ. ಗಂಧಕ ಮತ್ತು ಕ್ಲೋರಿನ್ ಇರೋ ಔಷಧಿಗಳು ಅದರ ಶಕ್ತಿ ಕುಂದಿಸ್ತವೆ. ಕ್ಯಾಪ್ಸಿಕಂ, ಗುಲಾಬಿ ಬೆಳೆಯೋರಿಗೆ ಗಂಧಕ ಪೂರ್ತಿ ಬಿಡೋದು ಕಷ್ಟ. ಅದಕ್ಕೇ ಗಂಧಕ ತಡೆಯೋ ಶೀಟೇ ಕೇಳಿ. ಎಷ್ಟು ಪಿಪಿಎಂವರೆಗೆ ವಾರಂಟಿ ನಿಲ್ಲುತ್ತೆ ಅಂತ ಬಿಲ್ಲಿನ ಮೇಲೇ ಬರೆಸಿ. ಸಿಂಪಡಿಸುವಾಗ ಗಿಡಕ್ಕೆ ಹೊಡೀರಿ, ಶೀಟಿಗಲ್ಲ.

ಮೂರು, ಬ್ಯಾಚ್ ನಂಬರು. ಐಎಸ್ 15827 ಪ್ರಕಾರ ಇದೆಯಾ ಕೇಳಿ, ಬ್ಯಾಚ್ ನಂಬರನ್ನು ಬಿಲ್ಲಿನಲ್ಲಿ ಹಾಕಿಸಿ. ಹೊಸ ಶೀಟಿನ ಒಂದು ಮೀಟರ್ ತುಂಡನ್ನು ಕತ್ತಲೆಯಲ್ಲಿ ಎತ್ತಿಡಿ. ನಾಳೆ ಜಗಳ ಬಂದರೆ ಅದೇ ನಿಮ್ಮ ಸಾಕ್ಷಿ.

ನಾಲ್ಕು, ಪೈಪು. ಬಿಸಿಲಿಗೆ ಕಾದ ಜಿಐ ಪೈಪು ತಾಗೋ ಜಾಗದಲ್ಲೇ ಶೀಟು ಮೊದಲು ಸಾಯೋದು. ಹೊದಿಸುವ ಮುಂಚೆ ಪೈಪಿನ ಮೇಲ್ಭಾಗಕ್ಕೆ ನೀರಿನಲ್ಲಿ ಕಲಸುವ ಬಿಳಿ ಪೇಂಟ್ ಹೊಡೆಸಿ, ಪೂರ್ತಿ ಒಣಗಿದ ಮೇಲೆ ಶೀಟು ಹಾಕಿಸಿ. ಸಡಿಲ ಬಿಟ್ಟರೆ ಗಾಳಿಗೆ ಪಟಪಟ ಹೊಡೆದು ಹರಿಯುತ್ತೆ. ಬಿಗಿಯಾಗಿರಲಿ.

ನನ್ನ ಬೇಡಿಕೆ

ಇಷ್ಟನ್ನೂ ರೈತನೇ ಮಾಡ್ಕೋಬೇಕು ಅನ್ನೋದು ನ್ಯಾಯ ಅಲ್ಲ. ಸಹಾಯಧನ ಕೊಡುವ ಪಾಲಿಹೌಸುಗಳ ತಪಾಸಣೆಗೆ ಬರೋ ಅಧಿಕಾರಿಗಳು ಪೈಪು ಅಳೆಯುವ ಹಾಗೆ ಶೀಟನ್ನೂ ತೂಗಿ ನೋಡಲಿ. ವಾರಂಟಿ ಕಾರ್ಡು ಕನ್ನಡದಲ್ಲಿ, ಓದೋಕಾಗುವ ಅಕ್ಷರದಲ್ಲಿ ಇರಲಿ. ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ಶೀಟು ಬದಲಾವಣೆಯ ಖರ್ಚು ಕಡ್ಡಾಯವಾಗಿ ಸೇರಲಿ. ನನ್ನ ವರದಿಯಲ್ಲಿ ಲಾಭ ಹತ್ತು ವರ್ಷದ್ದು ಬರೆದಿದ್ದರು, ಶೀಟು ಮಾತ್ರ ಒಂದೇ ಸಲದ್ದು!

ಅಲ್ಲೀವರೆಗೆ ನಾವೇ ಒಂದಾಗೋಣ. ಹತ್ತು ಜನ ಸೇರಿ, ನಿಮ್ಮ ರೈತ ಉತ್ಪಾದಕ ಕಂಪನಿ ಮೂಲಕ ಒಟ್ಟಿಗೆ ಆರ್ಡರ್ ಕೊಟ್ಟರೆ ರೇಟೂ ಇಳಿಯುತ್ತೆ, ಷರತ್ತು ಹಾಕೋ ಧೈರ್ಯವೂ ಬರುತ್ತೆ. ಪ್ರತಿ ಕೊಯ್ಲಿನ ದುಡ್ಡಿನಲ್ಲಿ ಶೀಟಿಗೆ ಅಂತ ಒಂದು ಪಾಲು ಬೇರೆ ಖಾತೆಗೆ ಹಾಕಿಡಿ. ಹಳೇ ಶೀಟನ್ನು ಹೊಲದ ಬದುವಿನಲ್ಲಿ ಸುಡಬೇಡಿ, ತೊಳೆದು ಮಡಚಿ ಗುಜರಿಯವರಿಗೆ ಕೊಡಿ.

ಆ ಹುಡುಗ ಕೊನೆಗೆ ಎರಡೂ ಕಡೆಯವರಿಗೆ ಫೋನ್ ಮಾಡಿ, "ರೋಲು ತೂಗಿ ತಗೋತೀನಿ, ಗಂಧಕದ ಮಿತಿ ಬಿಲ್ಲಲ್ಲಿ ಬರ್ಕೊಡ್ತೀರಾ?" ಅಂತ ಕೇಳಿದ. ಒಬ್ಬರು ಆಯ್ತು ಅಂದರು. ಇನ್ನೊಬ್ಬರು ಆಮೇಲೆ ಮಾಡ್ತೀನಿ ಅಂತ ಫೋನ್ ಇಟ್ಟವರು ಇನ್ನೂ ಮಾಡಿಲ್ಲ. ನೀವೂ ಕೊಳ್ಳುವ ಮುಂಚೆ ಈ ಒಂದು ಪ್ರಶ್ನೆ ಕೇಳಿ ನೋಡಿ.