ತೆರೆಯ ಹಿಂದೆ: ಈ ಹುಲಿಗೆ ಟೈಟಲ್ ಕಾರ್ಡ್ ಇಲ್ಲ!

ಅಷ್ಟಮಿಯ ಮರುದಿನ ಉಡುಪಿ ರಥಬೀದಿಯಲ್ಲಿ ಒಮ್ಮೆ ನಿಂತು ನೋಡಿ ಮಾರಾಯ್ರೆ. ತಾಸೆಗೆ ಪೆಟ್ಟು ಬಿತ್ತೋ, ಹುಲಿವೇಷದವನ ಕಾಲು ಹಾಗಿರಲಿ, ನಮ್ಮ ನಿಮ್ಮ ಕಾಲೂ ಸುಮ್ಮನಿರೋದಿಲ್ಲ. 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ರಾಜ್ ಬಿ. ಶೆಟ್ಟಿ ಹುಲಿಹೆಜ್ಜೆ ಹಾಕಿದಾಗ ಕಾಪು, ಕಾರ್ಕಳದ ನೀವೆಲ್ಲ ಶಿಳ್ಳೆ ಹೊಡೆದವರೇ. ತಾಸೆ ಬಡಿದವನ ಹೆಸರು ಹೇಳಿ ನೋಡೋಣ?

ಹೋಗಲಿ ಬಿಡಿ. ಈ ವಾರದ ಹುಲಿಗೆ ತಾಸೆಯೇ ಬೇಡ. ಹಾಡು ಅದರ ಹೊಟ್ಟೆಯೊಳಗೇ ಇದೆ!

ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ಮರದ ಹುಲಿ ಅದು. ಹೆಚ್ಚುಕಡಿಮೆ ಆರಡಿ ಉದ್ದ. ಅಂಗಾತ ಬಿದ್ದ ಪರಂಗಿಯವನ ಮೇಲೆ ಹತ್ತಿ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ. ಬಿದ್ದವನ ಕೈ ಮೇಲೆ ಕೆಳಗೆ ಆಡುತ್ತದೆ, ಅವನ ಗಂಟಲಿನ ಕೊಳವೆಯಿಂದ ನರಳಾಟ, ಹುಲಿಯ ತಲೆಯಿಂದ ಗುರ್ ಗುರ್! ಪಕ್ಕೆಯ ಬಾಗಿಲು ತೆಗೆದರೆ 18 ಸ್ವರದ ಪುಟ್ಟ ಆರ್ಗನ್. ಕಂಪೆನಿ ನಾಟಕದ ಹಾರ್ಮೋನಿಯಂನಲ್ಲಿ ಗಾಳಿ ಲೋಹದ ನಾಲಿಗೆಯನ್ನು ಅದುರಿಸುತ್ತದೆ. ಇಲ್ಲಿ ಕೊಳಲಿನ ಹಾಗೆ ಕೊಳವೆಗಳು ಹಾಡುತ್ತವೆ.

ಮಾಡಿದ ಮಹಾನುಭಾವ ಯಾರು? ಕೆತ್ತನೆ ನಮ್ಮ ಸೀಮೆಯದು, ಒಳಗಿನ ಯಂತ್ರಕ್ಕೆ ಫ್ರೆಂಚರ ಕೈ ಸೇರಿದ್ದೀತು ಅಂತಾರೆ ತಿಳಿದವರು. 1788ರಲ್ಲಿ ಪ್ಯಾರಿಸ್ ಮುಟ್ಟಿದ ಟಿಪ್ಪುವಿನ ರಾಯಭಾರಿಗಳು ಅಲ್ಲಿನ ರಾಜನ ಹತ್ತಿರ ಕಸುಬುದಾರರನ್ನು ಕೇಳಿದ್ದೂ ಉಂಟು. ಹೆಸರು ಮಾತ್ರ ಎಲ್ಲೂ ದಾಖಲಾಗಿಲ್ಲ.

ಅದೇ ಕಾಲಕ್ಕೆ ಯುರೋಪಿನಲ್ಲಿ ಮೆಲ್ಸೆಲ್ ಅನ್ನೋ ಕಿಲಾಡಿ ಇದ್ದ. ಇಡೀ ಬ್ಯಾಂಡ್‌ಸೆಟ್ಟನ್ನೇ ಒಂದು ಯಂತ್ರದೊಳಗೆ ಕೂರಿಸಿ ಊರೂರಲ್ಲಿ ಟಿಕೆಟ್ ಹರಿದವನು. 1813ರಲ್ಲಿ ಬೀಥೋವನ್ ಕೈಯಲ್ಲೇ ಅದಕ್ಕೆ ಸಂಗೀತ ಬರೆಸಿದ! ಟಿಕ್ ಟಿಕ್ ಅಂತ ಲಯ ಹೇಳುವ ಮೆಟ್ರೋನೋಮ್‌ಗೂ ಇವನದೇ ಹೆಸರು. ಒಳಗಿನ ಉಪಾಯ ಆಮ್‌ಸ್ಟರ್‌ಡ್ಯಾಮಿನ ವಿಂಕೆಲ್‌ನದು. ಇವನು ಅಳತೆಪಟ್ಟಿ ಸೇರಿಸಿ 1815ರಲ್ಲಿ ಪೇಟೆಂಟ್ ಹೊಡೆದುಕೊಂಡ.

ಪಿಯುಸಿ ಬಿಟ್ಟು ಪೆನ್ನು ಹಿಡಿದ ಹೊಸತು. ನಾನು ಬಸ್ಸಿನಲ್ಲಿ ನಿಂತು ಹೋಗಿ ಮಾಡಿದ ಸಂದರ್ಶನ ಇನ್ಯಾರದೋ ಹೆಸರಲ್ಲಿ ಅಚ್ಚಾಯಿತು. ದುಡ್ಡು ಬಂತು, ಹೆಸರು ಬರಲಿಲ್ಲ. ಆ ಉರಿ ಇನ್ನೂ ಆರಿಲ್ಲ ನೋಡಿ. ವಿಂಕೆಲ್‌ನ ಹೆಸರಾದರೂ ಉಳಿಯಿತು. ನಮ್ಮ ಹುಲಿ ಕೆತ್ತಿದವನದು?

1799ರ ಮೇ 4ರಂದು ಟಿಪ್ಪು ಬಿದ್ದ. ಅರಮನೆಯ ಸಂಗೀತದ ಕೋಣೆಯಲ್ಲಿ ಸಿಕ್ಕಿದ ಹುಲಿಯನ್ನು ಕಂಪನಿಯವರು ಹಡಗು ಹತ್ತಿಸಿದರು. 1808ರಿಂದ ಲಂಡನ್ನಿನ ಅವರ ಕಚೇರಿಯಲ್ಲಿ ಪ್ರದರ್ಶನ. ಬಂದವರೆಲ್ಲ ಹಿಡಿ ತಿರುಗಿಸೋರೇ! ಅಲ್ಲೇ ಓದಲು ಕೂತವರಿಗೆ ಹುಲಿಯ ಆರ್ಭಟ ಕೇಳಿ ಕೇಳಿ ತಲೆ ಚಿಟ್ಟುಹಿಡಿಯಿತು. ಕಡೆಗೊಂದು ದಿನ ಹಿಡಿಯೇ ಮಾಯ. ಎರಡನೇ ಮಹಾಯುದ್ಧದ ಬಾಂಬಿಗೆ ಸೂರು ಕುಸಿದು ಹುಲಿ ಚೂರುಚೂರಾಯಿತು. ಚೂರುಗಳನ್ನೆಲ್ಲ ಕೂಡಿಸಿ 1947ರ ಹೊತ್ತಿಗೆ ಮತ್ತೆ ನಿಲ್ಲಿಸಿದರು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಬಾಯಿ ಮುಚ್ಚಿಕೊಂಡು ಕೂತಿದೆ.